ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತೇ? ಕಾರಣ 1648ರಲ್ಲೇ ಗೊತ್ತಾಗಿತ್ತು!

ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ ಕಾರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಎಂದು ನಂಬಿದವರು ನಿಮ್ಮ ಬಂಧುಬಳಗದಲ್ಲೂ ಇರಬಹುದು. ನಮ್ಮಲ್ಲಂತೂ ಇದ್ದಾರೆ. ಎರಡು ತಿರುವು ದಾಟುವಷ್ಟರಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗಿಬಿಡುತ್ತದೆ. ಬ್ರೇಕ್ ಆಯಿಲ್ ಖಾಲಿಯಾಯಿತು ಎಂದು ಗಾಬರಿ ಬೀಳುತ್ತಾರೆ. ಆದರೆ ಖಾಲಿಯಾಗಿದ್ದು ಆಯಿಲ್ ಅಲ್ಲ. ಏನಾಯಿತೆಂದು ತಿಳಿಯಲು, ಕಾರು ಹುಟ್ಟುವ ಎರಡು ಶತಮಾನಕ್ಕೂ ಮೊದಲೇ ತೀರಿಕೊಂಡ ಒಬ್ಬನ ಕಥೆ ಕೇಳಬೇಕು. ಅವನ ಹೆಸರನ್ನು ನೀವು ಹೈಸ್ಕೂಲಿನಲ್ಲೇ ಕೇಳಿದ್ದೀರಿ: ಬ್ಲೇಸ್ ಪಾಸ್ಕಲ್.

ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸ್‌ನ ಕ್ಲೆರ್ಮೊನ್ ಊರಿನಲ್ಲಿ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ತಂದೆ ತೆರಿಗೆ ಅಧಿಕಾರಿ, ಗಣಿತವನ್ನೂ ಬಲ್ಲವನು. ಮಗನನ್ನು ಮನೆಯಲ್ಲೇ ಓದಿಸಿದ. ಮುಂದೆ ರುವಾನ್ ನಗರದಲ್ಲಿ ತಂದೆ ತೆರಿಗೆ ಲೆಕ್ಕದಲ್ಲಿ ಮುಳುಗಿ ಸುಸ್ತಾಗುವುದನ್ನು ಕಂಡು, ಹಲ್ಲುಚಕ್ರಗಳಿಂದ ಕೂಡುವ, ಕಳೆಯುವ ಯಂತ್ರ ಮಾಡಲು ಹೊರಟ. ಆಗ ಅವನಿಗೆ ಇನ್ನೂ 20 ತುಂಬಿರಲಿಲ್ಲ. ಆರೋಗ್ಯ ಮಾತ್ರ ಎಳೆಯ ವಯಸ್ಸಿನಿಂದಲೂ ಕೆಟ್ಟೇ ಇತ್ತು.

1646ರಲ್ಲಿ ಇಟಲಿಯ ಟೊರಿಸೆಲ್ಲಿ ಮಾಡಿದ್ದ ಪ್ರಯೋಗದ ಸುದ್ದಿ ರುವಾನ್‌ಗೆ ಬಂತು. ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ, ಪಾದರಸವಿರುವ ಬಟ್ಟಲಲ್ಲಿ ಬೋರಲಾಗಿ ನಿಲ್ಲಿಸಿದರೆ, ಅದು ಸುಮಾರು 76 ಸೆಂ.ಮೀ. ಎತ್ತರಕ್ಕೆ ಇಳಿದು ನಿಲ್ಲುತ್ತದೆ. ಮೇಲಿನ ಖಾಲಿ ಜಾಗದಲ್ಲಿ ಏನಿದೆ? ಪ್ರಕೃತಿ ನಿರ್ವಾತವನ್ನು ಸಹಿಸುವುದಿಲ್ಲ, ಅದು ಸುತ್ತಲಿನದನ್ನು ಎಳೆದುಕೊಳ್ಳುತ್ತದೆ ಎಂದು ಆಗಿನ ಪಂಡಿತರು ನಂಬಿದ್ದರು. ಪಾಸ್ಕಲ್ ಪಾದರಸ ಮಾತ್ರವಲ್ಲ, ಸುಮಾರು 15 ಮೀಟರ್ ಉದ್ದದ ಕೊಳವೆಗಳಲ್ಲಿ ನೀರು, ವೈನ್ ತುಂಬಿಯೂ ಪರೀಕ್ಷಿಸಿದ.

ಅವನ ಗುಮಾನಿ ಬೇರೆಯಿತ್ತು. ನಿರ್ವಾತ ಎಳೆಯುತ್ತಿಲ್ಲ, ಹೊರಗಿನ ಗಾಳಿಯ ಭಾರ ತಳ್ಳುತ್ತಿದೆ. ಹಾಗಿದ್ದರೆ ಬೆಟ್ಟದ ಮೇಲೆ ಗಾಳಿ ಕಡಿಮೆ, ಪಾದರಸವೂ ಕೆಳಗಿಳಿಯಬೇಕು. ಕ್ಲೆರ್ಮೊನ್‌ನಲ್ಲಿದ್ದ ಭಾವ ಫ್ಲೋರನ್ ಪೆರಿಯೆಗೆ ಕೆಲಸ ಒಪ್ಪಿಸಿದ. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಪುಯ್ ದ ದೋಮ್ ಬೆಟ್ಟ ಹತ್ತಿದ. ಒಂದು ಕೊಳವೆಯನ್ನು ಕೆಳಗೆ ಮಠದ ತೋಟದಲ್ಲೇ ಇಟ್ಟು, ಕಾಯಲು ಒಬ್ಬ ಸನ್ಯಾಸಿಯನ್ನು ಕೂರಿಸಿದ್ದ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಈ ಸನ್ಯಾಸಿಯೇ. ದಿನವಿಡೀ ನೋಡಿದ, ಅವನ ಕೊಳವೆಯಲ್ಲಿ ಏನೂ ಬದಲಾಗಲಿಲ್ಲ. ಅದೇ ಮುಖ್ಯ ಸಾಕ್ಷಿ. ಬೆಟ್ಟದ ತುದಿಯಲ್ಲಿ ಪಾದರಸ 8 ಸೆಂ.ಮೀ.ಗೂ ಹೆಚ್ಚು ಇಳಿದಿತ್ತು.

ನಿಮ್ಮ ಕಾರಿನ ಬಾನೆಟ್ ಎತ್ತಿ. ಡ್ರೈವರ್ ಕಡೆ ಹಿಂಬದಿಯಲ್ಲಿ ದಪ್ಪ ತಟ್ಟೆಯಂಥ ಕಪ್ಪು ಡಬ್ಬಿ ಕಾಣುತ್ತದೆ. ಅದೇ ಬ್ರೇಕ್ ಬೂಸ್ಟರ್. ಒಳಗೊಂದು ರಬ್ಬರ್ ಪರದೆ. ಎಂಜಿನ್ ಓಡುವಾಗ ಒಂದು ಹೋಸ್ ಪೈಪ್ ಮೂಲಕ ಡಬ್ಬಿಯ ಗಾಳಿಯನ್ನು ಹೀರಿಕೊಳ್ಳುತ್ತದೆ (ಡೀಸೆಲ್ ಕಾರಿನಲ್ಲಿ ಇದಕ್ಕೆಂದೇ ಪಂಪ್ ಇರುತ್ತದೆ). ಪೆಡಲ್ ಒತ್ತಿದ ಕ್ಷಣ ಪರದೆಯ ಹಿಂದಕ್ಕೆ ಹೊರಗಿನ ಗಾಳಿ ನುಗ್ಗಿ ಮುಂದಕ್ಕೆ ತಳ್ಳುತ್ತದೆ. ಪರದೆ 20 ಸೆಂ.ಮೀ. ಅಗಲವಿದ್ದು, ಮೂರನೇ ಎರಡು ಭಾಗ ಗಾಳಿ ಹೊರಹೋಗಿದ್ದರೆ, ಸುಮಾರು 200 ಕೆ.ಜಿ.ಯ ಬಲ! ಎಂಜಿನ್ ನಿಂತರೆ ಉಳಿದ ನಿರ್ವಾತ ಎರಡು-ಮೂರು ಬಾರಿ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ನಿಮ್ಮ ಕಾಲಿನ ಬಲ ಮಾತ್ರ.

ಆದ್ದರಿಂದ ಓಡುವಾಗ ಎಂಜಿನ್ ನಿಂತರೆ ಪೆಡಲನ್ನು ಮತ್ತೆ ಮತ್ತೆ ಪಂಪ್ ಮಾಡಬೇಡಿ. ಒಮ್ಮೆ ಒತ್ತಿ, ಬಿಡದೆ ಹಿಡಿಯಿರಿ. ಗಟ್ಟಿಯಾಗಿದ್ದರೆ ಪೂರ್ತಿ ಬಲ ಹಾಕಿ ತುಳಿಯಿರಿ, ಬ್ರೇಕ್ ಹಿಡಿಯುತ್ತದೆ. ಅಂದಹಾಗೆ, ಈಗಿನ ಇಂಜೆಕ್ಷನ್ ಕಾರುಗಳನ್ನು ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಸಿದರೆ ಎಂಜಿನ್‌ಗೆ ಪೆಟ್ರೋಲ್ ತಾನಾಗಿಯೇ ನಿಲ್ಲುತ್ತದೆ. ಆಫ್ ಮಾಡಿ ಉಳಿಸುವುದಕ್ಕೆ ಏನೂ ಇಲ್ಲ.

ಎಂಜಿನ್ ಓಡುತ್ತಿದ್ದರೂ ಪೆಡಲ್ ಗಟ್ಟಿಯಿದೆಯೇ? ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಆಫ್ ಮಾಡಿ. ನಾಲ್ಕೈದು ಸಲ ಒತ್ತಿ ಪೆಡಲ್ ಗಟ್ಟಿಯಾದ ಮೇಲೆ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಸವೆದ ಪ್ಯಾಡ್, ಹಿಡಿದುಕೊಂಡ ಕ್ಯಾಲಿಪರ್ ನೋಡಿಸಿ. ಇಳಿಯದಿದ್ದರೆ ಮೊದಲು ಹೋಸ್ ಪೈಪ್ ಬಿರುಕು ಬಿಟ್ಟಿದೆಯೇ, ಸಡಿಲವಾಗಿದೆಯೇ ನೋಡಿ. ಅದು ಅಗ್ಗದ ರಿಪೇರಿ. ಪೈಪಿನ ತುದಿಯ ಒನ್‌ವೇ ವಾಲ್ವ್ ಮುಂದಿನದು. ಒತ್ತಿ ಹಿಡಿದಾಗ ಬುಸ್ ಎನ್ನುವ ಶಬ್ದ ನಿಲ್ಲದೇ ಬಂದರೆ ಪರದೆ ಹರಿದಿರಬಹುದು, ಬೂಸ್ಟರ್ ಬದಲಿಸಬೇಕಾಗುತ್ತದೆ. ಬ್ರೇಕ್ ವಿಷಯ, ಕೈಯಾರೆ ಬಿಚ್ಚದೆ ಮೆಕ್ಯಾನಿಕ್‌ಗೆ ಬಿಡಿ.

ಹಾಗಾದರೆ ಆಯಿಲ್ ಸೋರಿದರೆ? ಆಗ ಪೆಡಲ್ ಗಟ್ಟಿಯಾಗುವುದಿಲ್ಲ, ಮೆತ್ತಗಾಗಿ ಒಳಕ್ಕೆ ಹೋಗುತ್ತದೆ. ಇದಕ್ಕೂ ಪಾಸ್ಕಲನೇ ಆಧಾರ. ಮುಚ್ಚಿದ ದ್ರವದ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ತಲುಪುತ್ತದೆ ಎಂದು ಅವನು 1650ರ ದಶಕದ ಆರಂಭದಲ್ಲಿ ಬರೆದ. ಪೆಡಲಿನ ಒತ್ತಡ ನಾಲ್ಕೂ ಚಕ್ರಕ್ಕೆ ಹೋಗುವುದು ಹೀಗೆಯೇ. ಆಯಿಲ್‌ನಲ್ಲಿ ಗಾಳಿ ಸೇರಿದರೆ ಗಾಳಿ ಕುಗ್ಗುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ. ಪಂಪ್ ಮಾಡಿ ಎಂಬ ಸಲಹೆ ಸರಿಹೊಂದುವುದು ಈ ಮೆತ್ತಗಿನ ಪೆಡಲ್‌ಗೆ. ಇನ್ನು, ಉದ್ದನೆಯ ಕೊಳವೆಗೆ ನೀರು ಸುರಿದು ಪಾಸ್ಕಲ್ ಪೀಪಾಯಿ ಒಡೆದ ಎಂಬ ಚಿತ್ರ ನೋಡಿರುತ್ತೀರಿ. ತತ್ವ ಸರಿ, ಆದರೆ ಅವನ ಉಳಿದಿರುವ ಬರಹಗಳಲ್ಲಿ ಆ ಘಟನೆ ಇಲ್ಲ.

1654ರ ನವೆಂಬರಿನ ಒಂದು ರಾತ್ರಿ ಆದ ತೀವ್ರ ಧಾರ್ಮಿಕ ಅನುಭವದ ನಂತರ ಅವನ ಮನಸ್ಸು ಬಹುಪಾಲು ದೇವರ ಕಡೆ ತಿರುಗಿತು. ಆದರೂ 1662ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಗೊತ್ತಾದ ದಾರಿ, ಗೊತ್ತಾದ ದರದಲ್ಲಿ ಓಡುವ ಕುದುರೆಗಾಡಿ ಸೇವೆ ಶುರುವಾಗಿದ್ದು ಅವನ ಯೋಜನೆಯಿಂದಲೇ. ಅಂದರೆ ಸಿಟಿ ಬಸ್ಸಿನ ಅಜ್ಜ! ಐದೇ ತಿಂಗಳಿಗೆ, ಆಗಸ್ಟ್ 19ರಂದು, 39ನೇ ವಯಸ್ಸಿನಲ್ಲಿ ತೀರಿಕೊಂಡ. ದ್ರವ ಮತ್ತು ಗಾಳಿಯ ಕುರಿತ ಅವನ ಪ್ರಬಂಧಗಳು ಅಚ್ಚಾಗಿದ್ದು ಮರುವರ್ಷ.