ಬಾಲಚರರಿಗೆ ಬಾಗಿಲು ತೆರೆಸಿದ ಡಾ. ಆನಿ ಬೆಸೆಂಟ್

ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳ ಶಾಲೆಗಳಲ್ಲಾಗಲಿ, ರಾಷ್ಟ್ರೀಯ ಹಬ್ಬದ ಬೆಳಿಗ್ಗೆ ಕೊರಳಿಗೆ ಸ್ಕಾರ್ಫು ಕಟ್ಟಿ, ಮೂರು ಬೆರಳುಗಳನ್ನೆತ್ತಿ ಧ್ವಜಕ್ಕೆ ವಂದಿಸುವ ಸ್ಕೌಟ್ ಬಾಲಕರೂ ಗೈಡ್ ಬಾಲಿಕೆಯರೂ ನಮಗೆಲ್ಲ ಚಿರಪರಿಚಿತರು. ಜಾತ್ರೆಯ ನೂಕುನುಗ್ಗಲಿನಲ್ಲಿ ದಾರಿ ಬಿಡಿಸುವವರು, ಬಿಸಿಲಿಗೆ ಬಳಲಿದವರಿಗೆ ನೀರು ಕೊಡುವವರು ಈ ಮಕ್ಕಳೇ. ಆದರೆ ಒಂದು ಕಾಲದಲ್ಲಿ ಭಾರತೀಯ ತಂದೆತಾಯಿಗಳಿಗೆ ಹುಟ್ಟಿದ ಮಗುವಿಗೆ ಈ ಸ್ಕಾರ್ಫನ್ನು ಧರಿಸುವ ಅಧಿಕಾರವೇ ಇರಲಿಲ್ಲ. ಆ ಅಧಿಕಾರಕ್ಕಾಗಿ ಹೋರಾಡಿದವರಲ್ಲಿ ಮುಖ್ಯರಾದವರು ನಮ್ಮ ನಾಡಿನಲ್ಲಿ ಹುಟ್ಟಿದವರಲ್ಲ. ನಮ್ಮನ್ನು ಆಳುತ್ತಿದ್ದವರ ನಾಡಿನಲ್ಲಿ ಹುಟ್ಟಿದ ಒಬ್ಬ ವೃದ್ಧ ಮಹಿಳೆ. ಸ್ವರಾಜ್ಯ ಚಳುವಳಿಯ ನಾಯಕಿಯೆಂದೂ ಥಿಯೊಸಾಫಿಕಲ್ ಸೊಸೈಟಿಯ ಅಧ್ಯಕ್ಷೆಯೆಂದೂ ಡಾ. ಆನಿ ಬೆಸೆಂಟರನ್ನು ಬಲ್ಲವರು ಅನೇಕರಿದ್ದಾರೆ. ಮಕ್ಕಳಿಗಾಗಿ ಅವರು ಮಾಡಿದ ಈ ಕಾರ್ಯವನ್ನು ಬಲ್ಲವರು ವಿರಳ.

ಆನಿ ವುಡ್ 1847ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಜನಿಸಿದರು. ಐದು ವರ್ಷದವರಿರುವಾಗಲೇ ತಂದೆಯನ್ನು ಕಳೆದುಕೊಂಡರು. ತಾಯಿ ಹ್ಯಾರೋ ಎಂಬಲ್ಲಿ ಶಾಲಾ ಬಾಲಕರಿಗೆ ವಸತಿಗೃಹ ನಡೆಸಿ ಸಂಸಾರವನ್ನು ಸಾಗಿಸಿದರು. ಮಗಳು ಎಲೆನ್ ಮೇರಿಯಟ್ ಎಂಬ ಉದಾರ ಮಹಿಳೆಯ ಆಶ್ರಯದಲ್ಲಿ ವಿದ್ಯೆ ಕಲಿತರು. 1867ರಲ್ಲಿ ಫ್ರಾಂಕ್ ಬೆಸೆಂಟ್ ಎಂಬ ಪಾದ್ರಿಯೊಡನೆ ವಿವಾಹವಾಯಿತು. ಇಬ್ಬರು ಮಕ್ಕಳಾದರು. ಆದರೆ ಪತಿಯ ಮತಶ್ರದ್ಧೆಗೂ ಪತ್ನಿಯ ಪ್ರಶ್ನಿಸುವ ಬುದ್ಧಿಗೂ ಹೊಂದಿಕೆಯಾಗದೆ 1873ರಲ್ಲಿ ಇಬ್ಬರೂ ಬೇರೆಯಾದರು. ಮುಂದೆ ಆನಿಯವರು ನಿರೀಶ್ವರವಾದಿ ಚಾರ್ಲ್ಸ್ ಬ್ರಾಡ್ಲಾ ಅವರೊಡನೆ ಸೇರಿ, ಜನನ ನಿಯಂತ್ರಣವನ್ನು ಕುರಿತ ಪುಸ್ತಕವೊಂದನ್ನು ಪ್ರಕಟಿಸಿ, 1877ರಲ್ಲಿ ನ್ಯಾಯಾಲಯದ ಕಟಕಟೆಯಲ್ಲಿ ನಿಂತರು. ಇದರ ಫಲವಾಗಿ ಮರು ವರ್ಷವೇ ಮಗಳು ಮೇಬಲ್‌ಳ ಪಾಲನೆಯ ಹಕ್ಕನ್ನು ನ್ಯಾಯಾಲಯ ಅವರಿಂದ ಕಿತ್ತುಕೊಂಡಿತು. ಸ್ವಂತ ಮಗುವನ್ನು ಹೀಗೆ ಕಳೆದುಕೊಂಡ ತಾಯಿ ಪರರ ಮಕ್ಕಳ ಹಿತಕ್ಕಾಗಿ ಜೀವಮಾನವಿಡೀ ದುಡಿದರೆಂಬುದನ್ನು ಅವರ ಚರಿತ್ರೆಯನ್ನು ಓದುವವರು ಮರೆಯಲಾಗದು.

1888ರಲ್ಲಿ ಲಂಡನ್ನಿನ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ರಂಜಕದ ವಿಷವನ್ನು ಸೇವಿಸುತ್ತ ಅಲ್ಪ ಕೂಲಿಗೆ ದುಡಿಯುತ್ತಿದ್ದ ಹುಡುಗಿಯರ ಮುಷ್ಕರಕ್ಕೆ ಬೆಂಬಲವಾಗಿ ನಿಂತು, ಅದನ್ನು ಗೆಲುವಿಗೆ ಕೊಂಡೊಯ್ದರು. ಅದೇ ವರ್ಷ ಲಂಡನ್ ಶಾಲಾ ಮಂಡಳಿಗೆ ಆರಿಸಿ ಬಂದು, ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ ದೊರೆಯಬೇಕು, ಶುಲ್ಕ ತೊಲಗಬೇಕು ಎಂದು ವಾದಿಸಿದರು. ಹಸಿದ ಮಗು ಪಾಠ ಕಲಿಯದೆಂಬುದು ದಾಸೋಹದ ನೆರಳಿನಲ್ಲಿ ಓದಿದ ನಮಗೆ ಹೊಸ ಮಾತಲ್ಲ. ಆ ಕಾಲದ ಲಂಡನ್ನಿಗೆ ಅದು ಹೊಸದಾಗಿತ್ತು.

1889ರಲ್ಲಿ ಥಿಯೊಸಾಫಿಯತ್ತ ತಿರುಗಿದ ಅವರು 1893ರ ನವೆಂಬರ್ ತಿಂಗಳಲ್ಲಿ ತೂತ್ತುಕುಡಿಯ ಬಂದರಿನಲ್ಲಿ ಭಾರತದ ನೆಲವನ್ನು ಮೆಟ್ಟಿದರು. 1898ರಲ್ಲಿ ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜನ್ನು ಸ್ಥಾಪಿಸಿದರು; ಮುಂದೆ ಮಾಳವೀಯರ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಬುನಾದಿಯಾದದ್ದು ಅದೇ. 1904ರಲ್ಲಿ ಬಾಲಿಕೆಯರಿಗೂ ಒಂದು ಶಾಲೆ ತೆರೆದರು. 1907ರಲ್ಲಿ ಸೊಸೈಟಿಯ ಅಧ್ಯಕ್ಷರಾಗಿ ಮದರಾಸಿನ ಅಡ್ಯಾರಿನಲ್ಲಿ ನೆಲಸಿದರು. ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದ ಒಂದು ಅಂಗ. ನಮ್ಮ ಶಾಲೆಗಳ ಕಾನೂನು, ಪರೀಕ್ಷೆ, ಪಠ್ಯ ಎಲ್ಲವೂ ಮದರಾಸಿನಿಂದಲೇ ಬರುತ್ತಿದ್ದವು. ಆ ಮಹಾನಗರದಲ್ಲಿ ತೆರೆದ ಬಾಗಿಲು ನಮ್ಮ ಮಕ್ಕಳಿಗೂ ತೆರೆದಂತೆ. ಅಲ್ಲಿ ಮುಚ್ಚಿದ್ದು ಇಲ್ಲಿಯೂ ಮುಚ್ಚಿದಂತೆ.

ಬೇಡನ್ ಪೊವೆಲ್ಲರು 1908ರಲ್ಲಿ ಇಂಗ್ಲೆಂಡಿನಲ್ಲಿ ಸ್ಕೌಟಿಂಗ್ ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದ ಮರು ವರ್ಷವೇ, ಅಂದರೆ 1909ರಲ್ಲಿ, ಕ್ಯಾಪ್ಟನ್ ಬೇಕರ್ ಎಂಬವರು ಬೆಂಗಳೂರಿನಲ್ಲಿ ಭಾರತದ ಮೊದಲ ಸ್ಕೌಟ್ ದಳವನ್ನು ಕಟ್ಟಿದರು. 1911ರಲ್ಲಿ ಜಬಲಪುರದಲ್ಲಿ ಮೊದಲ ಗೈಡ್ ದಳ ಹುಟ್ಟಿತು. ಕನ್ನಡ ನೆಲದಲ್ಲೇ ಈ ಬೀಜ ಮೊಳೆತದ್ದು ಸಂತೋಷದ ಸಂಗತಿಯೇನೋ ಹೌದು. ಆದರೆ ಆ ದಳಗಳು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಮೀಸಲು. ಭಾರತೀಯ ಬಾಲಕರನ್ನು ಸೇರಿಸಿಕೊಳ್ಳಲು ಸರ್ಕಾರ ಒಪ್ಪಲಿಲ್ಲ. ಗುಂಪು ಕಟ್ಟುವುದು, ನಕ್ಷೆ ಓದುವುದು, ಸಂಕೇತಗಳಿಂದ ಮಾತನಾಡುವುದು, ಕಾಡಿನಲ್ಲಿ ಜಾಡು ಹಿಡಿಯುವುದು, ಇವನ್ನೆಲ್ಲ ಕಲಿತ ಭಾರತೀಯ ಹುಡುಗ ನಾಳೆ ಕ್ರಾಂತಿಕಾರಿಯಾದಾನೆಂಬ ಭಯ ಅಧಿಕಾರಿಗಳದು. ಕೋಟೆಯ ಜೊತೆಗೆ ದಂಡಿನ ಪ್ರದೇಶವನ್ನೂ ಕಂಡ ಬಳ್ಳಾರಿಯ ಜನರಿಗೆ ಈ ಭೇದದ ಅರ್ಥವನ್ನು ವಿವರಿಸಬೇಕಾಗಿಲ್ಲ. ಒಂದೇ ಊರು, ಒಂದೇ ಬಿಸಿಲು, ಆದರೆ ಆಟದ ಬಯಲು ಎರಡು!

ಬೆಸೆಂಟರು ಈ ನಿಷೇಧವನ್ನು ಒಪ್ಪಲಿಲ್ಲ. 1916ರ ಸೆಪ್ಟೆಂಬರಿನಲ್ಲಿ ಅವರು ಹೋಮ್ ರೂಲ್ ಲೀಗನ್ನು ಸ್ಥಾಪಿಸಿದರು. ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಅದೇ ವರ್ಷವೆಂಬುದು ಕಾಕತಾಳೀಯವಿರಬಹುದು. ಆದರೂ ನಾಡಿನ ಜನ ತಮ್ಮ ಮಕ್ಕಳ ಶಿಕ್ಷಣವನ್ನು ತಾವೇ ಕೈಗೆತ್ತಿಕೊಳ್ಳಬೇಕೆಂಬ ಗಾಳಿ ಆಗ ಎಲ್ಲೆಡೆ ಬೀಸುತ್ತಿತ್ತು. 1917ರ ಜೂನ್ ತಿಂಗಳಲ್ಲಿ ಮದರಾಸು ಸರ್ಕಾರವು ಬೆಸೆಂಟರನ್ನೂ, ಅವರ ಸಹಕಾರಿಗಳಾದ ಜಾರ್ಜ್ ಅರುಂಡೇಲ್ ಮತ್ತು ಬಿ. ಪಿ. ವಾಡಿಯಾ ಅವರನ್ನೂ ಬಂಧನದಲ್ಲಿಟ್ಟಿತು. ಎಪ್ಪತ್ತರ ಹೊಸ್ತಿಲಲ್ಲಿದ್ದ ಆ ತಾಯಿ ಉದಕಮಂಡಲದ ಮನೆಯ ಮೇಲೆ ಕೆಂಪು ಹಸಿರಿನ ಸ್ವರಾಜ್ಯ ಧ್ವಜವನ್ನು ಹಾರಿಸಿದರು. ದೇಶವಿಡೀ ಪ್ರತಿಭಟಿಸಿತು, ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು, ಡಿಸೆಂಬರಿನಲ್ಲಿ ಕಲಕತ್ತಾ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠ ಅವರದಾಯಿತು. ಆ ಪೀಠವನ್ನೇರಿದ ಪ್ರಥಮ ಮಹಿಳೆ ಅವರೇ. ಭಾರತೀಯ ಮಹಿಳಾ ಸಂಘದ ಮೊದಲ ಅಧ್ಯಕ್ಷರಾದದ್ದೂ ಆ ವರ್ಷವೇ.

ರಾಜಕೀಯದ ಈ ಬಿರುಗಾಳಿಯ ನಡುವೆಯೇ ಅವರು ಅರುಂಡೇಲರ ನೆರವಿನಿಂದ ಮದರಾಸಿನಲ್ಲಿ ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್ ಎಂಬ ಸ್ವತಂತ್ರ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. ಅರುಂಡೇಲರು ಕಾಶಿಯ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದು ಹುಡುಗರ ಮನಸ್ಸನ್ನು ಚೆನ್ನಾಗಿ ಬಲ್ಲವರು. ಬೇಡನ್ ಪೊವೆಲ್ಲರ ಶಿಕ್ಷಣಕ್ರಮದ ತಿರುಳನ್ನು ಅವರು ಹಾಗೆಯೇ ಉಳಿಸಿಕೊಂಡರು. ಆರೆಂಟು ಹುಡುಗರ ಒಂದು ಪಡೆ, ಆ ಹುಡುಗರಲ್ಲೇ ಒಬ್ಬ ನಾಯಕ, ದಿನಕ್ಕೊಂದು ಸತ್ಕಾರ್ಯ, ಬಯಲಿನಲ್ಲಿ ಬಿಡಾರ, ಪ್ರಥಮ ಚಿಕಿತ್ಸೆ, ಗಂಟು ಹಾಕುವ ವಿದ್ಯೆ. ಆದರೆ ಈ ದಳದ ಹುಡುಗನ ತಲೆಯ ಮೇಲೆ ವಿಲಾಯಿತಿ ಟೋಪಿಯ ಬದಲು ನಮ್ಮ ರುಮಾಲು. ಬಾಯಲ್ಲಿ ನಮ್ಮ ಹಾಡು. ಮೇಲ್ನೋಟಕ್ಕೆ ಇದು ಕೇವಲ ಉಡುಪಿನ ವಿಚಾರವೆನಿಸಬಹುದು. ತನ್ನ ತಂದೆ ಸುತ್ತುವ ರುಮಾಲನ್ನೇ ಸುತ್ತಿಕೊಂಡು ಶಿಸ್ತಿನಿಂದ ಸಾಲಿನಲ್ಲಿ ನಿಲ್ಲಬಹುದೆಂಬ ಅನುಭವ ಒಬ್ಬ ರೈತನ ಮಗನಿಗೆ ಎಂಥ ಧೈರ್ಯವನ್ನು ಕೊಟ್ಟಿರಬೇಕೆಂಬುದನ್ನು ಉಪಾಧ್ಯಾಯ ವೃತ್ತಿಯಲ್ಲಿರುವವರು ಬಲ್ಲರು. ಉತ್ತರದಲ್ಲಿ 1918ರಲ್ಲಿ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರ ಸೇವಾ ಸಮಿತಿ ಸ್ಕೌಟ್ ಸಂಸ್ಥೆಯೂ ಇದೇ ಹಾದಿಯಲ್ಲಿ ಬೆಳೆಯಿತು.

ಈ ಸಂಸ್ಥೆಗಳ ಬೆಳವಣಿಗೆಯನ್ನು ಕಂಡ ಮೇಲೆ ಬಾಗಿಲನ್ನು ಮುಚ್ಚಿಡುವುದು ಸಾಧ್ಯವಾಗಲಿಲ್ಲ. 1921ರ ಆರಂಭದಲ್ಲಿ ಬೇಡನ್ ಪೊವೆಲ್ಲರು ಭಾರತಕ್ಕೆ ಬಂದರು. ಭಾರತೀಯ ಮಕ್ಕಳಿಗೆ ಪ್ರವೇಶವುಳ್ಳ ಒಂದೇ ಸಂಸ್ಥೆ ಇರಬೇಕೆಂಬ ಮಾತುಕತೆ ನಡೆದು, ಬೆಸೆಂಟರು ತಮ್ಮ ಸಂಸ್ಥೆಯನ್ನು ಅದರಲ್ಲಿ ವಿಲೀನಗೊಳಿಸಿದರು. ಮದರಾಸಿನಲ್ಲಿ ಬೇಡನ್ ಪೊವೆಲ್ಲರಿಂದಲೇ ಸ್ಕೌಟ್ ಪ್ರತಿಜ್ಞೆಯನ್ನು ಸ್ವೀಕರಿಸಿ, ಗೌರವ ಕಮಿಷನರ್ ಆದರು. ಸೇವಾ ಸಮಿತಿಯವರು ಒಪ್ಪದೆ ಹೊರಗುಳಿದರು.

ಈ ವಿಲೀನವನ್ನು ಕುರಿತು ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಆ ಪ್ರತಿಜ್ಞೆಯಲ್ಲಿ ದೊರೆಗೆ ನಿಷ್ಠೆಯ ಮಾತಿತ್ತು. ನಾಲ್ಕು ವರ್ಷಗಳ ಹಿಂದೆ ಅದೇ ದೊರೆಯ ಸರ್ಕಾರ ಬಂಧಿಸಿದ್ದ ವ್ಯಕ್ತಿ ಅದನ್ನು ಉಚ್ಚರಿಸಿದರು! ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ವಿದ್ಯಾರ್ಥಿಗಳು ಸರ್ಕಾರಿ ಶಾಲೆಗಳನ್ನು ತೊರೆಯುತ್ತಿದ್ದ ಕಾಲವದು. ಬೆಸೆಂಟರು ಅಸಹಕಾರವನ್ನು ವಿರೋಧಿಸಿದ್ದರು. ಅದರಿಂದ ಅವರ ಜನಪ್ರಿಯತೆಯೂ ಕುಗ್ಗಿತ್ತು. ತಾವೇ ಕಟ್ಟಿದ್ದನ್ನು ಒಪ್ಪಿಸಿಬಿಟ್ಟರೆಂದು ಆಕ್ಷೇಪಿಸುವವರ ಮಾತನ್ನು ಪೂರ್ಣವಾಗಿ ತಳ್ಳಿಹಾಕಲಾಗದು. ಆದರೂ ಈ ಲೇಖಕನ ದೃಷ್ಟಿಯಲ್ಲಿ ಅವರ ನಿರ್ಧಾರವೇ ಸರಿ. ಸ್ವರಾಜ್ಯ ಬರಲು ಇನ್ನೂ 26 ವರ್ಷಗಳು ಬೇಕಾದವು. ಅಷ್ಟರಲ್ಲಿ ಎರಡು ತಲೆಮಾರಿನ ಬಾಲಕರು ಬಾಲ್ಯವನ್ನು ಕಳೆದುಕೊಳ್ಳುತ್ತಿದ್ದರು. ರಾಜಕಾರಣ ಕಾಯಬಲ್ಲದು, ಹತ್ತು ವರ್ಷದ ಹುಡುಗ ಕಾಯಲಾರ. ಮಾಳವೀಯರು ಹೊರಗುಳಿದದ್ದೂ ವ್ಯರ್ಥವಾಗಲಿಲ್ಲ. 1937ರಲ್ಲಿ ಭಾರತೀಯರ ಶೀಲವನ್ನು ಕುರಿತು ಬೇಡನ್ ಪೊವೆಲ್ಲರು ಆಡಿದ ಹಗುರ ಮಾತಿನಿಂದ ನೊಂದವರು ಮರು ವರ್ಷ ಹಿಂದೂಸ್ಥಾನ್ ಸ್ಕೌಟ್ ಸಂಸ್ಥೆಯನ್ನು ಕಟ್ಟಿದಾಗ, ಸ್ವತಂತ್ರ ಹಾದಿಯೊಂದು ಮೊದಲೇ ಸಿದ್ಧವಾಗಿತ್ತು.

ಕೊನೆಯ ವರ್ಷಗಳಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ಮೇಲೆ ಅವರಿಟ್ಟಿದ್ದ ನಿರೀಕ್ಷೆ 1929ರಲ್ಲಿ ಕುಸಿಯಿತು, ದೇಹವೂ ಸೋತಿತು. 1932ರಲ್ಲಿ ಸ್ಕೌಟ್ ಚಳುವಳಿಯ ಅತ್ಯುನ್ನತ ಗೌರವವಾದ ಸಿಲ್ವರ್ ವುಲ್ಫ್ ಪದಕ ಅವರಿಗೆ ಸಂದಿತು. 1933ರ ಸೆಪ್ಟೆಂಬರ್ 20ರಂದು ಅಡ್ಯಾರಿನಲ್ಲಿ ಅವರು ದೇಹವನ್ನು ತ್ಯಜಿಸಿದರು.

ಬೇರೆ ಬೇರೆಯಾಗಿ ನಡೆಯುತ್ತಿದ್ದ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಹೆಸರು ಪಡೆದದ್ದು 1950ರ ನವೆಂಬರ್ 7ರಂದು. 1951ರ ಆಗಸ್ಟ್ 15ರಂದು ಗೈಡ್ ಸಂಸ್ಥೆಯೂ ಅದರಲ್ಲಿ ಸೇರಿತು. ಪ್ರತಿಜ್ಞೆಯಲ್ಲಿ ದೊರೆಯ ಸ್ಥಾನಕ್ಕೆ ದೇಶ ಬಂದಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಬಳ್ಳಾರಿ, ಸಿರುಗುಪ್ಪ ಮುಂತಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಅಂದಿನಿಂದ ನಮ್ಮ ಸ್ಕೌಟುಗಳ ದೃಷ್ಟಿಯೂ ಮದರಾಸನ್ನು ಬಿಟ್ಟು ಬೆಂಗಳೂರಿನ ಕಡೆಗೆ ತಿರುಗಿತು. ದೊಡ್ಡಬಳ್ಳಾಪುರದಲ್ಲಿ ಕರ್ನಾಟಕದ ಸ್ಕೌಟ್ ಮತ್ತು ಗೈಡ್ ಶಿಬಿರಗಳು ನಡೆಯುವ ತರಬೇತಿ ಕೇಂದ್ರಕ್ಕೆ ಡಾ. ಆನಿ ಬೆಸೆಂಟ್ ಪಾರ್ಕ್ ಎಂದೇ ಹೆಸರು.