ದಿವಂಗತ ಕುದ್ಮುಲ್ ರಂಗರಾಯರು

ಮಂಡ್ಯದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮಹಾಪುರುಷರೆಂದೊಡನೆ ನೆನಪಿಗೆ ಬರುವುದು ಎರಡು ಪಟಗಳು. ಒಂದು ನಾಲ್ವಡಿ ಕೃಷ್ಣರಾಜ ಒಡೆಯರದು, ಇನ್ನೊಂದು ಸರ್ ಎಂ. ವಿಶ್ವೇಶ್ವರಯ್ಯನವರದು. ಕೆರಗೋಡಿನ ಸುತ್ತಿನ ಹಳ್ಳಿಗಳಲ್ಲಿ ದೇವರ ಪಟದ ಪಕ್ಕದಲ್ಲಿಯೇ ಇವರ ಪಟಗಳನ್ನು ತೂಗುಹಾಕಿ ಪೂಜೆಮಾಡುವ ಮನೆಗಳು ಎಷ್ಟೋ ಇವೆ. ಗದ್ದೆಗೆ ನೀರು ತಂದವರನ್ನು ಮರೆಯಬಾರದೆಂಬುದು ನಮ್ಮ ಜನರ ಭಾವನೆ, ಅದು ಸರಿಯಾದುದೇ. ಆದರೆ ನಾನು ಈಗ ಬರೆಯಹೊರಟಿರುವ ಮಹನೀಯರ ಪಟವನ್ನು ನಮ್ಮ ಕಡೆಯ ಯಾವ ಮನೆಯಲ್ಲಿಯೂ ಕಂಡುದಿಲ್ಲ. ಅವರು ಘಟ್ಟದ ಕೆಳಗಿನವರು. ಅವರು ಬದುಕಿದ್ದಾಗ ಮಂಗಳೂರು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. 1956ರವರೆಗೆ ನಮ್ಮದೂ ಅವರದೂ ಬೇರೆ ಬೇರೆ ರಾಜ್ಯ. ಅವರ ಹೆಸರು ಇತ್ತ ಬಾರದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು. ಊರಿಗೆ ಬುದ್ಧಿ ಹೇಳಿದ ಸುಧಾರಕರು ನಮ್ಮ ದೇಶದಲ್ಲಿ ಬಹಳ ಮಂದಿ. ಸುಧಾರಣೆಯ ಹೊರೆಯನ್ನು ಮೊದಲು ತಮ್ಮ ಹೆಂಡತಿ ಮಕ್ಕಳ ಸಮೇತ ಹೊತ್ತವರು ಕೆಲವರೇ. ಕುದ್ಮುಲ್ ರಂಗರಾಯರು ಆ ಕೆಲವರಲ್ಲಿ ಒಬ್ಬರು.

ರಂಗರಾಯರು ಜನಿಸಿದುದು 1859ನೆಯ ಇಸವಿ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಊರಿನಲ್ಲಿ. ಸಾರಸ್ವತ ಬ್ರಾಹ್ಮಣ ಮನೆತನ. ತಂದೆ ತೀರಿಕೊಂಡುದರಿಂದ ಹದಿನಾರರ ಪ್ರಾಯದಲ್ಲಿಯೇ ಅನ್ನದ ದಾರಿ ಹುಡುಕಿಕೊಂಡು ಮಂಗಳೂರಿಗೆ ಬಂದರು. ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯ ವೃತ್ತಿ ದೊರೆಯಿತು. (ಈ 8 ರೂಪಾಯಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.) ಹುಡುಗರಿಗೆ ಪಾಠ ಹೇಳುತ್ತಲೇ ತಾವೂ ಓದಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ, ಬಳಿಕ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಜಿಲ್ಲಾ ನ್ಯಾಯಾಲಯದಲ್ಲಿ ವಕೀಲರಾದ ಮೇಲೆ ಬಡವರ ವಕೀಲರೆಂದೇ ಹೆಸರಾಯಿತು. ಇಲ್ಲಿಗೆ ನಿಂತಿದ್ದರೆ ಒಂದು ಸುಖಸಂಸಾರದ ಕಥೆಯಾಗುತ್ತಿದ್ದಿತು, ನಾವು ಅವರನ್ನು ಕುರಿತು ಬರೆಯುವ ಸಂದರ್ಭವೂ ಒದಗುತ್ತಿರಲಿಲ್ಲ.

ಮಂಗಳೂರಿನಲ್ಲಿ ಆಗ ಉಲ್ಲಾಳ ರಘುನಾಥಯ್ಯನವರ ಮುಂದಾಳುತನದಲ್ಲಿ ಬ್ರಹ್ಮಸಮಾಜ ನಡೆಯುತ್ತಿತ್ತು. ರಂಗರಾಯರೂ ಅದನ್ನು ಸೇರಿದರು. ಜಾತಿ ಹುಟ್ಟಿನಿಂದ ಬಂದ ಮೇಲು ಕೀಳಲ್ಲ ಎಂಬುದನ್ನು ಸಭೆಯಲ್ಲಿ ಕೇಳುವುದು ಒಂದು, ಬೀದಿಯಲ್ಲಿ ಅದರ ನಿಜರೂಪವನ್ನು ಕಾಣುವುದು ಇನ್ನೊಂದು. ಬೆಂದೂರು ಬಾಬು ಎಂಬ ದಲಿತರೊಬ್ಬರು ಹೇಗೋ ನಾಲ್ಕನೆಯ ತರಗತಿಯವರೆಗೆ ಓದಿ ನ್ಯಾಯಾಲಯದಲ್ಲಿ ಜವಾನನ ಕೆಲಸಕ್ಕೆ ಸೇರಿದರು. ನ್ಯಾಯ ಹೇಳುವ ಕಟ್ಟಡದಲ್ಲಿಯೇ ಅವರಿಗೆ ಆದ ಅವಮಾನ ಸಹಿಸಲಸಾಧ್ಯವಾಗಿ ಅವರು ಆ ಕೆಲಸವನ್ನೇ ಬಿಡಬೇಕಾಯಿತು. ಅದೇ ನ್ಯಾಯಾಲಯದಲ್ಲಿ ವಾದಿಸುತ್ತಿದ್ದ ರಂಗರಾಯರ ಮನಸ್ಸಿಗೆ ಇದು ನಾಟಿತು. ಒಬ್ಬನೇ ಹೋದರೆ ತಳ್ಳಿಬಿಡುತ್ತಾರೆ, ಸಾವಿರ ಮಂದಿ ಓದಿ ಬಂದರೆ ತಳ್ಳುವವರೇ ದಾರಿ ಬಿಡಬೇಕಾಗುತ್ತದೆ ಎಂದು ಅವರಿಗೆ ಹೊಳೆದಿರಬೇಕು. ಇದು ನನ್ನ ಊಹೆ. ಮುಂದೆ ಅವರು ಮಾಡಿದ ಕೆಲಸವನ್ನು ನೋಡಿದರೆ ಈ ಊಹೆ ತಪ್ಪಲ್ಲವೆಂದು ತೋರುತ್ತದೆ.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದು ದಲಿತ ಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದರು. ಮೇಲುಜಾತಿಯವರ ವಿರೋಧದಿಂದ ಅದು ಅಲ್ಲಿ ನಿಲ್ಲಲಿಲ್ಲ. ಕಂಕನಾಡಿಗೆ ಸಾಗಿಸಿದರು. ಕಲಿಸಲು ಮೇಷ್ಟರುಗಳೇ ಸಿಕ್ಕದ ಕಾಲ ಅದು. ಆ ಮಕ್ಕಳ ಮುಂದೆ ನಿಂತು ಅಕ್ಷರ ಹೇಳಿಕೊಡಲು ಹಿಂದೂ ಉಪಾಧ್ಯಾಯರು ಹಿಂಜರಿದಾಗ ಕ್ರೈಸ್ತ ಉಪಾಧ್ಯಾಯರನ್ನು ಕರೆತಂದು ಶಾಲೆ ನಡೆಸಿದರು. ಕೊನೆಗೆ ಶೇಡಿಗುಡ್ಡೆಯಲ್ಲಿ ನೆಲೆ ದೊರೆಯಿತು.

ಶಾಲೆ ತೆರೆದರೆ ಸಾಲದು, ಮಕ್ಕಳು ಬರಬೇಕಲ್ಲ! ರಂಗರಾಯರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಅಷ್ಟೇ ಅಲ್ಲದೆ, ಶಾಲೆಗೆ ಬಂದ ಮಗುವಿಗೆ ದಿನಕ್ಕೆ 2 ಪೈಸೆಯಂತೆ ಕೊಡುವ ಕ್ರಮವನ್ನೂ ಇಟ್ಟರು. ಪಟ್ಟಣದಲ್ಲಿ ಕುಳಿತು ಓದುವವರಿಗೆ ಇದು ಆಮಿಷವೆಂದು ಕಾಣಬಹುದು. ಹಳ್ಳಿಯವರಿಗೆ ಹಾಗೆ ಕಾಣುವುದಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಅಪ್ಪ ಶಾಲೆ ಬಿಟ್ಟದ್ದು ದಡ್ಡತನದಿಂದಲ್ಲ, ದನ ಕಾಯಲು ಇನ್ನೊಬ್ಬರು ಇಲ್ಲದ್ದರಿಂದ. ಕಬ್ಬು ಕಡಿಯುವ ಕಾಲ ಬಂದಿತೆಂದರೆ ತರಗತಿಯಲ್ಲಿ ಬೆಂಚುಗಳು ಖಾಲಿಯಾಗುತ್ತಿದ್ದುದನ್ನು ಅವರ ವಾರಿಗೆಯವರು ಈಗಲೂ ಹೇಳುತ್ತಾರೆ. ಬಡವರ ಮನೆಯಲ್ಲಿ ಮಗುವಿನ ಎರಡು ಕೈಗಳಿಗೂ ಒಂದು ಬೆಲೆಯಿರುತ್ತದೆ. ಶಾಲೆಗೆ ಕಳುಹಿಸಿದ ದಿನ ಆ ಬೆಲೆ ನಷ್ಟ. ಶಾಲೆಗೆ ಫೀಸು ಇಲ್ಲವೆಂದ ಮಾತ್ರಕ್ಕೆ ಅದು ಪುಕ್ಕಟೆಯಾಗುವುದಿಲ್ಲ ಎಂಬುದನ್ನು ರಂಗರಾಯರು ಅರಿತಿದ್ದರು.

ಆ 2 ಪೈಸೆಯ ಲೆಕ್ಕವನ್ನು ನಾನು ಹಾಕಿ ನೋಡಿದೆ. ಅಂದಿನ ರೂಪಾಯಿಗೆ 64 ಪೈಸೆ. ತಿಂಗಳಿಗೆ ಇಪ್ಪತ್ತೈದು ದಿನ ಶಾಲೆಯೆಂದರೆ ಒಂದು ಮಗುವಿಗೆ 50 ಪೈಸೆ. ಹತ್ತು ಮಕ್ಕಳಿಗೆ 500 ಪೈಸೆ, ಎಂದರೆ ಹೆಚ್ಚು ಕಡಿಮೆ 8 ರೂಪಾಯಿ. ತಾವು ಹುಡುಗನಾಗಿದ್ದಾಗ ತಿಂಗಳೆಲ್ಲಾ ದುಡಿದು ಪಡೆದ ಸಂಬಳ, ಈಗ ಹತ್ತೇ ಮಕ್ಕಳನ್ನು ಶಾಲೆಯಲ್ಲಿ ಕೂರಿಸುವುದಕ್ಕೆ ಸರಿಹೋಯಿತು! ಮಕ್ಕಳ ಸಂಖ್ಯೆ ಹತ್ತಕ್ಕೆ ನಿಲ್ಲಲಿಲ್ಲ, ಶಾಲೆಯೂ ಒಂದಕ್ಕೆ ನಿಲ್ಲಲಿಲ್ಲ. ಬೋಳೂರು, ಅತ್ತಾವರ, ದಡ್ಡಲಕಾಡು, ಮೂಲ್ಕಿ, ಉಡುಪಿ ಮೊದಲಾದ ಕಡೆಗಳಲ್ಲಿ ಶಾಲೆಗಳು ಹುಟ್ಟಿಕೊಂಡವು. ನಮ್ಮ ತಲೆಮಾರಿನವರು ಉಂಡು ಬೆಳೆದ ಅಕ್ಷರ ದಾಸೋಹದ ಬಿಸಿಯೂಟ ಕರ್ನಾಟಕದಲ್ಲಿ ಆರಂಭವಾದುದು 2002–03ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

1897ರಲ್ಲಿ ಈ ಎಲ್ಲ ಕೆಲಸಕ್ಕೂ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ಬಂದಿತು. ಕಾಲವನ್ನು ಗಮನಿಸಬೇಕು. ಆಗ ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದರು. ಡಾ. ಅಂಬೇಡ್ಕರರು ಆರು ವರ್ಷದ ಬಾಲಕ. ನಮ್ಮ ಜಮಖಂಡಿಯವರೇ ಆದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಬಗೆಯ ಸಂಸ್ಥೆಯನ್ನು ಸ್ಥಾಪಿಸಿದುದು 1906ರಲ್ಲಿ. ಬೆನ್ನು ತಟ್ಟುವ ದೊಡ್ಡ ಚಳುವಳಿಯೊಂದು ದೇಶದಲ್ಲಿ ಇಲ್ಲದಿದ್ದ ದಿನಗಳಲ್ಲಿ ಜಿಲ್ಲಾ ಪಟ್ಟಣದ ವಕೀಲರೊಬ್ಬರು ಇದಕ್ಕೆ ಕೈಹಾಕಿದರು.

ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸ ಮುಂತಾದ ಕಸುಬುಗಳನ್ನು ಕಲಿಸಿದರು. ಸರ್ಕಾರದಿಂದ ಜಮೀನು ಪಡೆದು ದಲಿತ ಕುಟುಂಬಗಳಿಗೆ ಮನೆಯ ನಿವೇಶನಗಳನ್ನು ಹಂಚಿಸಿದರು. ಸಾಲಗಾರರ ಕೈಯಿಂದ ಬಿಡಿಸಲು ಸಹಕಾರ ಸಂಘವೊಂದನ್ನು ಕಟ್ಟಿಸಿದರು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರೇ ಸದಸ್ಯರಾಗಿ ಕುಳಿತುಕೊಳ್ಳಬೇಕೆಂದು ವಾದಿಸಿ ಅದನ್ನು ಸಾಧಿಸಿದರು. ಸರ್ಕಾರ ರಾವ್ ಸಾಹೇಬ್ ಎಂಬ ಬಿರುದನ್ನು ಕೊಟ್ಟಿತು. ಅದನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಅವರ ದೊಡ್ಡಸ್ತಿಕೆ ಇದ್ದುದು ಬೇರೆ ಕಡೆ.

ಇಷ್ಟನ್ನೂ ಮಾಡುತ್ತಿರುವಾಗ ಅವರ ಮನೆಯ ಸ್ಥಿತಿ ಏನಾಗಿತ್ತು? ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂಬ ಮಾತನ್ನು ಪುಸ್ತಕದಲ್ಲಿ ಓದಿ ನಾವು ಸುಲಭವಾಗಿ ಪುಟ ತಿರುಗಿಸಿಬಿಡುತ್ತೇವೆ. ಹಳ್ಳಿಯ ಹಿರಿಯರನ್ನು ಕೇಳಿದರೆ ಅದರ ಅರ್ಥ ತಿಳಿಯುತ್ತದೆ. ಬೆಂಕಿ ನೀರು ಕೊಡುವವರಿಲ್ಲ, ಶುಭಕಾರ್ಯಕ್ಕೆ ಕರೆಯುವವರಿಲ್ಲ, ಹೆಣ್ಣು ಗಂಡು ಕೊಡುವವರಿಲ್ಲ, ಸತ್ತರೆ ಹೆಣಕ್ಕೆ ಹೆಗಲು ಕೊಡುವವರೂ ಇಲ್ಲ. ಗಂಡಸಾದವನು ಹೊರಗೆ ಹೋಗಿ ನಾಲ್ಕು ಮಂದಿ ಸ್ನೇಹಿತರ ನಡುವೆ ಇದನ್ನು ಮರೆತಾನು. ಮನೆಯೊಳಗಿನ ಹೆಂಗಸು ಪ್ರತಿದಿನ ಇದನ್ನು ಅನುಭವಿಸಬೇಕು, ಬೆಳೆಯುತ್ತಿರುವ ಮಕ್ಕಳು ಅನುಭವಿಸಬೇಕು. ಮನೆಮಂದಿಯನ್ನು ಬಿಟ್ಟು ದೇಶಸೇವೆಗೆ ಹೊರಟವರ ಚರಿತ್ರೆಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ರಂಗರಾಯರು ಸಂಸಾರವನ್ನು ಬಿಡಲಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಸಂಸಾರದೊಳಗೆ ಇದ್ದುಕೊಂಡೇ ಈ ಹೋರಾಟವನ್ನು ನಡೆಸಿದರು. ಅವರ ಮಡದಿಯ ಸಹನೆಯನ್ನು ಕುರಿತು ಯಾರಾದರೂ ಪ್ರತ್ಯೇಕವಾಗಿ ಬರೆಯಬೇಕಾಗಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಅವರು ತೋರಿದ ಧೈರ್ಯಕ್ಕೆ ಮಗಳು ರಾಧಾಬಾಯಿಯವರ ಬಾಳೇ ಸಾಕ್ಷಿ. 1891ರಲ್ಲಿ ಹುಟ್ಟಿದ ಈ ಮಗಳನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಕಳುಹಿಸಿ ಓದಿಸಿದರು. 1912ರಲ್ಲಿ ಆಕೆಯ ವಿವಾಹ ನಡೆದುದು ಸೇಲಂ ಕಡೆಯ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರೊಡನೆ. ವರ ಬ್ರಾಹ್ಮಣರಲ್ಲ, ಕನ್ನಡದವರೂ ಅಲ್ಲ. ಜಾತಿಯ ಗೋಡೆ ಒಡೆಯಬೇಕೆಂದು ಊರಿಗೆಲ್ಲಾ ಹೇಳಿದವರು ತಮ್ಮ ಮಗಳ ಮದುವೆಯ ಹೊತ್ತಿಗೆ ಜಾತಕ ಹುಡುಕುವುದನ್ನು ನಾವು ಇಂದಿಗೂ ಕಾಣುತ್ತಿದ್ದೇವೆ! ರಾಧಾಬಾಯಿಯವರು ಮುಂದೆ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪ್ರತಿನಿಧಿಯಾಗಿ ಭಾಗವಹಿಸಿದರು. ಅವರ ಮಕ್ಕಳಲ್ಲಿ ಜನರಲ್ ಪಿ. ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದರು; ಮೋಹನ ಕುಮಾರಮಂಗಲಂ ಕೇಂದ್ರ ಸಚಿವರಾಗಿದ್ದು 1973ರ ವಿಮಾನ ಅಪಘಾತದಲ್ಲಿ ತೀರಿಕೊಂಡರು; ಪಾರ್ವತಿ ಕೃಷ್ಣನ್ ಸಂಸತ್ ಸದಸ್ಯೆಯಾಗಿದ್ದರು. ಮೊಮ್ಮಕ್ಕಳ ಪದವಿಗಳನ್ನು ಇಲ್ಲಿ ಪಟ್ಟಿಮಾಡಿದುದು ವಂಶದ ಹಿರಿಮೆಗಾಗಿ ಅಲ್ಲ. ಹೆಣ್ಣುಮಗಳೊಬ್ಬಳನ್ನು ಓದಿಸಿದರೆ ಅದು ಎಷ್ಟು ದೂರ ಹೋಗುತ್ತದೆಂಬುದಕ್ಕೆ ಬೇರೆ ಉದಾಹರಣೆ ನನಗೆ ಹೊಳೆಯಲಿಲ್ಲ.

ಮುಪ್ಪು, ಅನಾರೋಗ್ಯಗಳು ಸಮೀಪಿಸಿದಾಗ ಮಿಷನ್ನಿನ ಭಾರವನ್ನು ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಂಘದವರಿಗೆ ಒಪ್ಪಿಸಿದರು. ಕೆಲಸ ತಮ್ಮೊಡನೆ ಸಾಯಬಾರದೆಂಬ ಎಚ್ಚರಿಕೆ ಅವರಲ್ಲಿ ಇದ್ದಿತು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ಧರಿಸಿದರು. ಮರುವರ್ಷವೇ, 1928ನೆಯ ಇಸವಿ ಜನವರಿ 30ರಂದು, ಅರುವತ್ತೆಂಟನೆಯ ವಯಸ್ಸಿನಲ್ಲಿ ಕಾಲವಾದರು. ಆಗ ಅವರ ಅಳಿಯ ಸುಬ್ಬರಾಯನ್ ಅವರು ಮದರಾಸು ಆಧಿಪತ್ಯದ ಮುಖ್ಯಮಂತ್ರಿಗಳು. ಮುಖ್ಯಮಂತ್ರಿಯ ಮಾವನ ಶವಕ್ಕೆ ಹೆಗಲು ಕೊಡಲು ಮಂಗಳೂರಿನಲ್ಲಿ ದೊಡ್ಡ ಮನುಷ್ಯರಿಗೆ ಬರಗಾಲವಿರಲಿಲ್ಲ. ಆದರೆ ರಂಗರಾಯರು ಮೊದಲೇ ತಮ್ಮ ಇಚ್ಛೆಯನ್ನು ತಿಳಿಸಿದ್ದರು: ತಮ್ಮ ದೇಹವನ್ನು ಹೊರತಕ್ಕವರು ಊರಿನ ತೋಟಿಗಳು. ಹಾಗೆಯೇ ನಡೆಯಿತು. ಯಾರ ನೆರಳು ಸೋಕಬಾರದೆಂದು ಸಮಾಜ ಹೇಳುತ್ತಿತ್ತೋ ಅವರ ಹೆಗಲ ಮೇಲೆ ಅವರು ಕೊನೆಯ ಪ್ರಯಾಣ ಮಾಡಿದರು.

ಆರು ವರ್ಷಗಳ ಬಳಿಕ, 1934ರಲ್ಲಿ, ಹರಿಜನ ಪ್ರವಾಸದಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸೇವೆಯನ್ನು ಗೌರವದಿಂದ ಸ್ಮರಿಸಿದರು. ಮಂಗಳೂರಿನ ಪುರಭವನಕ್ಕೆ ಈಗ ರಂಗರಾಯರ ಹೆಸರಿದೆ. ಅದೇ ಊರಿನಲ್ಲಿ ಅವರ ಸಮಾಧಿಯೂ ಇದೆ. ಅದರ ಮೇಲೆ ಅವರ ಆಸೆಯೊಂದನ್ನು ಕೆತ್ತಿದ್ದಾರೆ. ದಲಿತರ ಮಗುವೊಂದು ತಮ್ಮ ಶಾಲೆಯಲ್ಲಿ ಕಲಿತು, ಸರ್ಕಾರದ ಹುದ್ದೆಗೆ ಸೇರಿ, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು. ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು. ಆಗ ತಮ್ಮ ಜನ್ಮ ಸಾರ್ಥಕ ಎಂಬುದು ಅದರ ಭಾವ. ಆ ಆಸೆಯನ್ನು ಅವರು ಇಟ್ಟುಕೊಂಡ ದಿನಗಳಲ್ಲಿ ಆ ರಸ್ತೆಗಳಲ್ಲಿ ದಲಿತರು ನಡೆದುಹೋಗುವುದಕ್ಕೇ ಅಡ್ಡಿಯಿದ್ದಿತು.