ಟೀ-ಶರ್ಟಿನ ಗೋಪುರ ಮತ್ತು ಮಂಗಳೂರಿನ ಕಮಲಾದೇವಿ

ಕಳೆದ ಫೆಸ್ಟಿಗೆ ನಾವು ಕನ್ನಡ ಸಂಘದ ಟೀ-ಶರ್ಟ್ ಮಾಡಿಸಿದ್ದು ನೆನಪಿದೆಯಲ್ಲ? ಧಾರವಾಡ ಕಸೂತಿಯ ಗೋಪುರವನ್ನ ನೆಟ್‌ನಿಂದ ಇಳಿಸಿಕೊಂಡು ಪ್ರಿಂಟ್ ಹಾಕಿಸಿದ್ವಿ. ಎಲ್ಲರೂ ಮೆಚ್ಚಿದರು. ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕನ್ನು ಓದಿದ ಮೇಲೆ ಮಾತ್ರ ನಮಗೆ ಸ್ವಲ್ಪ ಕಸಿವಿಸಿ ಆಯ್ತು.

ಕಮಲಾದೇವಿ ಹುಟ್ಟಿದ್ದು ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು. ಚಿಕ್ಕ ವಯಸ್ಸಿಗೇ ಮದುವೆ, ಹದಿಹರೆಯದಲ್ಲೇ ವೈಧವ್ಯ. ಹೆಣ್ಣಿನ ಬದುಕು ಅಲ್ಲಿಗೆ ಮುಗೀತು ಅನ್ನುತ್ತಿದ್ದ ಕಾಲ ಅದು. ಅವರು ಓದು ಬಿಡಲಿಲ್ಲ. ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ನಾಟಕ ಆಡಿದರು, ಸಿನಿಮಾದಲ್ಲೂ ನಟಿಸಿದರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಸೋತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕಿಳಿದು ಜೈಲು ಸೇರಿದರು.

ಸ್ವಾತಂತ್ರ್ಯದ ನಂತರ ಅವರು ಹಿಡಿದದ್ದು ಕುಶಲಕರ್ಮಿಗಳ ಕೈಯನ್ನು. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು ಊರೂರು ಸುತ್ತಿದರು. ಗಿರಾಕಿ ಇಲ್ಲದಿದ್ದರೆ ಯಾವ ಕಸುಬೂ ಉಳಿಯೋದಿಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿಯನ್ನೇ ನೋಡಿ. ದೇವಸ್ಥಾನಕ್ಕೆ ಪುರಾಣದ ಕಥೆ ಬರೆದುಕೊಡುತ್ತಿದ್ದ ಕಲೆ ಅದು. ಬಿದಿರಿನ ಕಲಮು, ಹಾಲು-ಅಳಲೆಕಾಯಲ್ಲಿ ನೆನೆಸಿದ ಬಟ್ಟೆ, ಕಬ್ಬಿಣದ ಚೂರು ಬೆಲ್ಲದ ನೀರಲ್ಲಿ ಹುಳಿ ಬರಿಸಿ ಮಾಡಿದ ಮಸಿ. ಅಳಲೆಕಾಯಿಯ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದಾಗಲೇ ಗಟ್ಟಿ ಕಪ್ಪು ಬರೋದು, ಪಕ್ಕಾ ಕೆಮಿಸ್ಟ್ರಿ! ಬರೆಯುವವರು ಕಡಿಮೆಯಾಗುತ್ತಿದ್ದಾಗ, 1950ರ ದಶಕದಲ್ಲಿ, ಕಮಲಾದೇವಿಯವರ ಮುತುವರ್ಜಿಯಿಂದ ಅಲ್ಲೊಂದು ತರಬೇತಿ ಕೇಂದ್ರ ಬಂತು. ಅಲ್ಲಿ ಉಳಿದ ಕೈಗಳೇ ಮುಂದೆ ಸೀರೆ, ದುಪಟ್ಟಾಗಳ ಮೇಲೂ ಬರೆದವು. ವಸ್ತು ಹೊಸದು, ಕೈ ಮಾತ್ರ ಹಳೇದು.

ಬರೀ ಮಾರಾಟ ಸಾಲದು, ಮಾಡಿದವರಿಗೆ ಮರ್ಯಾದೆಯೂ ಸಿಗಬೇಕು ಅನ್ನೋದು ಅವರ ಹಟ. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಬರುವುದರ ಹಿಂದೆಯೂ ಅವರಿದ್ದರು. ಅವರಿಗೆ 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಈಗ ನಮ್ಮ ಟೀ-ಶರ್ಟಿಗೆ ಬರೋಣ. ಕಸೂತಿಯಲ್ಲಿ ಗಂಟು ಹಾಕೋದಿಲ್ಲ. ಗವಂತಿ ಹೊಲಿಗೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತೆ. ನಮ್ಮ ಗೋಪುರವನ್ನ ತಿರುಗಿಸಿ ನೋಡಿದ್ವಿ, ಹಿಂದೆ ಬರೀ ಖಾಲಿ ಬಟ್ಟೆ. ನಾವು ಕೊಟ್ಟ ದುಡ್ಡಲ್ಲಿ ಕಸೂತಿ ಹಾಕುವ ಒಬ್ಬ ಹೆಣ್ಣುಮಗಳಿಗೂ ಒಂದು ರೂಪಾಯಿ ಹೋಗಿರಲಿಲ್ಲ. ಈ ಸಲ ಟೀ-ಶರ್ಟ್ ಕಡಿಮೆ ಆದರೂ ಸರಿ, ಎದೆಯ ಮೇಲಿನ ಚಿಕ್ಕ ಗೋಪುರವನ್ನ ಧಾರವಾಡದ ಕೈಗಳಿಂದಲೇ ಹಾಕಿಸೋಣ ಅಂತ ಮಾತಾಡಿಕೊಂಡಿದ್ದೇವೆ.